ಉಷ್ಣಮಾಪಕದೊಡನೆ ಆಂಡೀಸ್ ನಾಡಿನಲ್ಲಿ

ದಕ್ಷಿಣ ಅಮೆರಿಕವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಅಮೆಜಾನ್ ನದಿ, ಅದರ ಇಕ್ಕೆಲದ ದಟ್ಟವಾದ ಅರಣ್ಯ, ರಿಯೋ ನಗರದ ಕಡಲತೀರ ಮತ್ತು ಕಾಲ್ಚೆಂಡಾಟ. ಇವೆಲ್ಲವೂ ನಿಜವೇ. ಆದರೆ ಆ ಖಂಡದ ಪ್ರಾಕೃತಿಕ ಭೂಪಟವನ್ನು ಒಮ್ಮೆ ಮುಂದಿಟ್ಟುಕೊಂಡು ನೋಡಿರಿ. ಪಶ್ಚಿಮದ ಅಂಚಿನ ಉದ್ದಕ್ಕೂ, ಉತ್ತರದ ವೆನಿಜುವೆಲದಿಂದ ದಕ್ಷಿಣದ ತುದಿಯವರೆಗೆ, ಗಾಢವಾದ ಕಂದುಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದೇ ಆಂಡೀಸ್ ಪರ್ವತಶ್ರೇಣಿ. ಅದರ ಉದ್ದ ಸುಮಾರು ೭,೦೦೦ ಕಿಲೋಮೀಟರು. ನೆಲದ ಮೇಲೆ ಇಷ್ಟು ಉದ್ದವಾದ ಪರ್ವತಶ್ರೇಣಿ ಮತ್ತೊಂದಿಲ್ಲ. ಎತ್ತರದಲ್ಲಿ ಅದು ಹಿಮಾಲಯಕ್ಕೆ ಸಮನಾಗಲಾರದು. ಆದರೂ ಒಂದು ವಿಷಯದಲ್ಲಿ ಹಿಮಾಲಯವನ್ನು ಮೀರಿಸಿದೆ: ಮೂರು, ನಾಲ್ಕು ಸಾವಿರ ಮೀಟರುಗಳ ಎತ್ತರದಲ್ಲಿ ಅಲ್ಲಿ ಹಳ್ಳಿಗಳು ಮಾತ್ರವಲ್ಲ, ಲಕ್ಷಾಂತರ ಜನ ವಾಸಿಸುವ ನಗರಗಳೂ ಇವೆ.

ಎತ್ತರವೆಂಬುದು ನಿತ್ಯಜೀವನದಲ್ಲಿ ಏನೇನನ್ನು ಬದಲಾಯಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡುಬರಬೇಕೆಂಬ ಆಸೆ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಬಹುಕಾಲದಿಂದ ಇದ್ದಿತು. ನಮ್ಮ ಉಳಿತಾಯವೆಲ್ಲ ವಿಮಾನದ ಟಿಕೆಟ್ಟಿಗೇ ಸಂದಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಈಕ್ವೆಡಾರಿನ ಕ್ವಿಟೋ ನಗರದಿಂದ ಹೊರಟು, ಪೆರು ಮತ್ತು ಬೊಲಿವಿಯ ದೇಶಗಳನ್ನು ಹಾದು, ಚಿಲಿಯ ಕಡಲತೀರವನ್ನು ಸೇರುವುದು ನಮ್ಮ ದಾರಿ. ಕೈಯಲ್ಲಿದ್ದ ವೈಜ್ಞಾನಿಕ ಸಾಮಗ್ರಿ ಬಹಳ ಅಲ್ಪ: ಒಂದು ಸಣ್ಣ ವಿದ್ಯುತ್ ಕೆಟಲು, ಪ್ರಯೋಗಾಲಯದಲ್ಲಿ ಬಳಸುವ ಸಾಧಾರಣವಾದ ಒಂದು ಉಷ್ಣಮಾಪಕ. ತಂಗಿದ ಊರಿನಲ್ಲೆಲ್ಲ ನೀರನ್ನು ಕುದಿಸಿ ಉಷ್ಣಮಾನವನ್ನು ಬರೆದುಕೊಳ್ಳುವುದೆಂದು ನಿಶ್ಚಯಿಸಿದೆವು.

ನೀರಿನ ಆವಿಯ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ ಎಂಬುದನ್ನು ವಾಚಕರು ಬಲ್ಲರು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಕುದಿಬಿಂದುವೂ ಇಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಪ್ರತಿ ೩೦೦ ಮೀಟರಿಗೆ ಒಂದು ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ೧೦೦ ಡಿಗ್ರಿಯಲ್ಲಲ್ಲ, ೯೭ರ ಸುಮಾರಿನಲ್ಲಿ. ಹಾಗಾದರೆ ಕುದಿಬಿಂದುವನ್ನು ಅಳೆದು ಬೆಟ್ಟದ ಎತ್ತರವನ್ನೇ ಕಂಡುಹಿಡಿಯಬಹುದಲ್ಲವೇ? ಈ ಯೋಚನೆ ಹೊಳೆದುದು ಆಂಡೀಸ್ ನಾಡಿನವನಿಗೇ ಎಂಬುದು ಅನೇಕರಿಗೆ ತಿಳಿಯದು. ಇಂದಿನ ಕೊಲಂಬಿಯ ದೇಶದಲ್ಲಿ ಹುಟ್ಟಿದ ಫ್ರಾನ್ಸಿಸ್ಕೋ ಹೊಸೆ ಡಿ ಕಾಲ್ಡಾಸ್ ಎಂಬ ಪಂಡಿತನ ಉಷ್ಣಮಾಪಕವು ಬೆಟ್ಟದ ಪ್ರವಾಸವೊಂದರಲ್ಲಿ ಮುರಿಯಿತು. ಯೂರೋಪಿನಿಂದ ಬೇರೊಂದನ್ನು ತರಿಸುವುದು ಸುಲಭವಾಗಿರಲಿಲ್ಲ. ಮುರಿದುದಕ್ಕೇ ಹೊಸದಾಗಿ ಗುರುತುಗಳನ್ನು ಹಾಕಲು ಹೊರಟಾಗ, ಕುದಿಯುವ ನೀರಿನ ಗುರುತು ಎತ್ತರವನ್ನು ಅವಲಂಬಿಸಿದೆ ಎಂಬುದು ಅವನಿಗೆ ಮನವರಿಕೆಯಾಯಿತು. ೧೮೦೧ರ ವೇಳೆಗೆ ಅವನು ಈ ವಿಧಾನವನ್ನು ರೂಪಿಸಿದ್ದನು. ಸ್ವಾತಂತ್ರ್ಯ ಹೋರಾಟವನ್ನು ಸೇರಿದ ಈ ವಿಜ್ಞಾನಿಯನ್ನು ೧೮೧೬ರಲ್ಲಿ ಸ್ಪೇನಿನ ಸೈನ್ಯವು ಬೊಗೊಟಾ ನಗರದಲ್ಲಿ ಗುಂಡಿಟ್ಟು ಕೊಂದಿತು.

ಕ್ವಿಟೋ ನಗರವು ೨,೮೫೦ ಮೀಟರು ಎತ್ತರದಲ್ಲಿ, ಭೂಮಧ್ಯರೇಖೆಗೆ ತೀರ ಸಮೀಪದಲ್ಲಿದೆ. ಭೂಮಧ್ಯರೇಖೆಯೆಂದರೆ ಸುಡುಬಿಸಿಲೆಂದು ಎಣಿಸಿದ್ದವರು ಅಲ್ಲಿ ಉಣ್ಣೆಯ ಅಂಗಿಯನ್ನು ಹುಡುಕಬೇಕಾಗುತ್ತದೆ. ನಮ್ಮ ಕೆಟಲಿನಲ್ಲಿ ನೀರು ೯೦ ಡಿಗ್ರಿಯ ಸ್ವಲ್ಪ ಮೇಲೆಯೇ ಕುದಿಯಿತು. ನಗರದ ಉತ್ತರಕ್ಕೆ ‘ಜಗತ್ತಿನ ನಡು’ ಎಂಬ ಹೆಸರಿನ ದೊಡ್ಡ ಸ್ಮಾರಕವುಂಟು. ನೆಲದ ಮೇಲೆ ಎಳೆದಿರುವ ಗೆರೆಯ ಎರಡೂ ಕಡೆ ಒಂದೊಂದು ಕಾಲನ್ನಿಟ್ಟು ಪ್ರವಾಸಿಗಳು ಚಿತ್ರ ತೆಗೆಸಿಕೊಳ್ಳುತ್ತಾರೆ. ಇಂದಿನ ಉಪಗ್ರಹಗಳ ಅಳತೆಯಂತೆ ನಿಜವಾದ ರೇಖೆಯು ಅಲ್ಲಿಂದ ಸುಮಾರು ೨೪೦ ಮೀಟರು ದೂರದಲ್ಲಿ ಹಾದುಹೋಗುತ್ತದೆ. ಇದರಿಂದ ಪ್ರವಾಸಿಗಳ ಉತ್ಸಾಹಕ್ಕೇನೂ ಕುಂದಿಲ್ಲ.

ಆ ಸ್ಮಾರಕದ ಹಿಂದೆ ವಿಜ್ಞಾನದ ಒಂದು ದೊಡ್ಡ ವ್ಯಾಜ್ಯವಿದೆ. ೧೬೭೨ರಲ್ಲಿ ಜ್ಯಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞನು ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿರುವ ಕೇಯೆನ್ ಪಟ್ಟಣಕ್ಕೆ ಹೋದಾಗ, ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಅವನ ಲೋಲಕ ಗಡಿಯಾರವು ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆಬಿದ್ದಿತು. ಭೂಮಧ್ಯರೇಖೆಯ ಬಳಿ ಗುರುತ್ವ ಕಡಮೆ. ಭೂಮಿಯು ಅಲ್ಲಿ ಉಬ್ಬಿ, ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕು ಎಂದು ನ್ಯೂಟನ್ ತರ್ಕಿಸಿದನು. ಫ್ರಾನ್ಸಿನ ಕೆಲವು ಪಂಡಿತರು ಭೂಮಿ ಧ್ರುವಗಳ ಕಡೆಗೇ ನೀಳವಾಗಿದೆ ಎಂದರು. ವಾದವನ್ನು ಅಳತೆಯೇ ತೀರ್ಮಾನಿಸಬೇಕಾಗಿತ್ತು. ಒಂದು ತಂಡವು ಉತ್ತರದ ಲ್ಯಾಪ್‌ಲೆಂಡಿಗೆ ತೆರಳಿತು. ಗೊದ್ಯಾಂ, ಬೂಗೆ, ಲಾ ಕೊಂದಮೀನ್ ಎಂಬವರ ಮತ್ತೊಂದು ತಂಡವು ೧೭೩೫ರಲ್ಲಿ ಹಡಗು ಹತ್ತಿ, ಮರುವರ್ಷ ಕ್ವಿಟೋ ನಗರವನ್ನು ತಲಪಿತು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಕಟ್ಟುತ್ತ, ಚಳಿ, ಜ್ವರ, ಒಳಜಗಳಗಳ ನಡುವೆ ಅವರು ಕಳೆದ ವರ್ಷಗಳು ಹತ್ತಿರ ಹತ್ತಿರ ಹತ್ತು. ಕೊನೆಗೆ ಗೆದ್ದವನು ನ್ಯೂಟನ್. ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಭೂಮಧ್ಯರೇಖೆಯಲ್ಲಿ ೧೧೦.೬ ಕಿಲೋಮೀಟರು, ಧ್ರುವದ ಬಳಿ ೧೧೧.೭ ಎಂದು ಈಗ ನಾವು ಬಲ್ಲೆವು. ಭೂಮಿಯ ತ್ರಿಜ್ಯವು ಭೂಮಧ್ಯರೇಖೆಯಲ್ಲಿ ಧ್ರುವಕ್ಕಿಂತ ೨೧ ಕಿಲೋಮೀಟರು ಹೆಚ್ಚು.

ಈ ಉಬ್ಬಿನ ಒಂದು ವಿಚಿತ್ರ ಫಲವನ್ನು ಕ್ವಿಟೋ ನಗರದಿಂದ ದಕ್ಷಿಣಕ್ಕೆ ಹೋಗುವಾಗ ಬಸ್ಸಿನಿಂದಲೇ ನೋಡಬಹುದು. ಹಿಮದ ಟೋಪಿ ಹಾಕಿದ ಚಿಂಬೊರಾಜೊ ಶಿಖರವು ಸಮುದ್ರಮಟ್ಟದಿಂದ ೬,೨೬೩ ಮೀಟರು. ಎವರೆಸ್ಟಿಗಿಂತ ಅದು ಎರಡೂವರೆ ಸಾವಿರ ಮೀಟರು ಕುಳ್ಳು. ಆದರೆ ಭೂಮಿಯ ಕೇಂದ್ರದಿಂದ ಅಳೆದರೆ ಚಿಂಬೊರಾಜೊ ಶಿಖರವೇ ಎವರೆಸ್ಟನ್ನು ಸುಮಾರು ಎರಡು ಕಿಲೋಮೀಟರುಗಳಿಂದ ಮೀರಿಸುತ್ತದೆ. ‘ಎತ್ತರ’ ಎನ್ನುವಾಗ ಎಲ್ಲಿಂದ ಎಂಬುದನ್ನೂ ಹೇಳಬೇಕೆಂದು ತರಗತಿಯಲ್ಲಿ ನಾವು ಎಷ್ಟು ಸಲ ಹೇಳಿದ್ದೇವೋ! ಇನ್ನು ಮುಂದೆ ಈ ಒಂದು ಬೆಟ್ಟದ ಹೆಸರನ್ನು ಹೇಳಿದರೆ ಸಾಕು.

ಇದೇ ಬೆಟ್ಟದ ಮಗ್ಗುಲಲ್ಲಿ ಬೂಗೆ ೧೭೩೮ರಲ್ಲಿ ಮತ್ತೊಂದು ಪ್ರಯೋಗವನ್ನು ಮಾಡಿದನು. ಗಾರೆಕೆಲಸದವರು ಗೋಡೆಯ ನೇರವನ್ನು ನೋಡಲು ಇಳಿಬಿಡುವ ತೂಗುಗುಂಡನ್ನು ಎಲ್ಲರೂ ಕಂಡಿದ್ದೀರಿ. ಅದನ್ನು ದೊಡ್ಡ ಪರ್ವತದ ಪಕ್ಕದಲ್ಲಿ ಇಳಿಬಿಟ್ಟರೆ ಪರ್ವತವೂ ಅದನ್ನು ತನ್ನ ಕಡೆಗೆ ಸೆಳೆಯಬೇಕಷ್ಟೆ? ನಕ್ಷತ್ರಗಳ ಸ್ಥಾನದೊಡನೆ ಹೋಲಿಸಿ ಅಳೆದಾಗ ಬೂಗೆಗೆ ಸೆಳೆತವೇನೋ ಕಂಡಿತು; ಆದರೆ ಬೆಟ್ಟದ ಗಾತ್ರವನ್ನು ನೋಡಿ ಎಣಿಸಿದ್ದಕ್ಕಿಂತ ಬಹಳ ಕಡಮೆ. ಈ ಒಗಟನ್ನು ಬಿಡಿಸಿದುದು ನಮ್ಮ ದೇಶದ ಅಳತೆ. ೧೮೦೦ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ಆರಂಭಿಸಿದ ತ್ರಿಕೋನಮಾಪನ ಕಾರ್ಯವು ಮುಂದೆ ಉತ್ತರಕ್ಕೆ ಬೆಳೆದು ಹಿಮಾಲಯದ ತಪ್ಪಲನ್ನು ಮುಟ್ಟಿತು. ಅಲ್ಲಿಯೂ ತೂಗುಗುಂಡಿನ ಸೆಳೆತ ಲೆಕ್ಕಕ್ಕಿಂತ ಕಡಮೆಯಾಯಿತು. ಒಂದು ಡಿಗ್ರಿಯ ೩,೬೦೦ರಲ್ಲೊಂದು ಪಾಲನ್ನು ವಿಕಲೆ ಎನ್ನುವುದುಂಟು. ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ೧೮೫೫ರಲ್ಲಿ ಮಾಡಿದ ಲೆಕ್ಕದಂತೆ ಸುಮಾರು ೧೫ ವಿಕಲೆ ಇರಬೇಕಾದ ಕಡೆ ಕಂಡುದು ೫ ಮಾತ್ರ. ಪರ್ವತದ ಕೆಳಗೆ ಹಗುರವಾದ ಶಿಲೆಯ ಬೇರು ಆಳಕ್ಕೆ ಇಳಿದಿದೆ, ನೀರಿನಲ್ಲಿ ತೇಲುವ ಮಂಜುಗಡ್ಡೆಯಂತೆ ಪರ್ವತವು ಭಾರವಾದ ತಳದ ಮೇಲೆ ತೇಲುತ್ತಿದೆ ಎಂದು ಏರಿ ವಿವರಿಸಿದನು. ಹೀಗೆ ಚಿಂಬೊರಾಜೊದಲ್ಲಿ ಎದ್ದ ಪ್ರಶ್ನೆಗೆ ಉತ್ತರವು ಗಂಗೆಯ ಬಯಲಿನಿಂದ ಬಂದಿತು.

ಮುಂದೆ ಪೆರುವಿನ ರಾಜಧಾನಿ ಲೀಮಾ. ಎತ್ತರದಿಂದ ಕಡಲಿಗೆ ಒಮ್ಮೆ ಇಳಿದು ಬರುವುದು ಅವಶ್ಯವೇ ಆಗಿತ್ತು. ಪರ್ವತವು ಏನು ಮಾಡುತ್ತದೆ ಎಂಬುದು ಅದರ ಬುಡದಲ್ಲಿಯೇ ಹೆಚ್ಚು ಸ್ಪಷ್ಟ. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೩ ಡಿಗ್ರಿ. ಲೀಮಾ ದಕ್ಷಿಣಕ್ಕೆ ೧೨. ಕಡಲು ಎದುರಿಗೇ ಇದೆ. ಹಾಗಿದ್ದರೂ ಅಲ್ಲಿ ಮಳೆಯೆಂಬುದು ವರ್ಷಕ್ಕೆ ಎರಡು ಸೆಂಟಿಮೀಟರೂ ಇಲ್ಲ! ಒಂದು ಕೋಟಿ ಜನರ ಈ ನಗರವು ನಿಂತಿರುವುದು ಮರುಭೂಮಿಯಲ್ಲಿ. ಇದಕ್ಕೆ ಕಾರಣಗಳು ಎರಡು. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿಯು ತನ್ನ ತೇವವನ್ನೆಲ್ಲ ಆಂಡೀಸಿನ ಪೂರ್ವದ ಇಳಿಜಾರಿನಲ್ಲಿಯೇ ಸುರಿದುಬಿಡುತ್ತದೆ. ಪಶ್ಚಿಮದ ಕಡಲಿನಲ್ಲಿ ಹಂಬೋಲ್ಟನ ಹೆಸರಿನ ತಣ್ಣನೆಯ ಪ್ರವಾಹವು ದಕ್ಷಿಣದಿಂದ ಹರಿದುಬರುತ್ತದೆ. ಅದರ ಮೇಲಣ ಗಾಳಿ ತಂಪಾಗಿ ಕೆಳಗೇ ಉಳಿಯುತ್ತದೆ. ಅದರ ಮೇಲೆ ಬಿಸಿಯಾದ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಗಾಳಿ ಮೇಲೇರದೆ ಮಳೆಯಿಲ್ಲ. ತತ್ಫಲವಾಗಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೂದುಬಣ್ಣದ ಮಂಜು ಊರನ್ನು ಕವಿಯುತ್ತದೆ, ನಿಜವಾದ ಮಳೆ ಮಾತ್ರ ಸುರಿಯುವುದಿಲ್ಲ. ಬೆಟ್ಟದ ಮೇಲಿನ ಬಡ ಬಡಾವಣೆಗಳಲ್ಲಿ ಜನರು ದೊಡ್ಡ ಬಲೆಗಳನ್ನು ಕಟ್ಟಿ ಆ ಮಂಜಿನಿಂದಲೇ ನೀರನ್ನು ಹಿಡಿಯುವುದುಂಟು. ನಗರದ ಮುಖ್ಯ ಆಧಾರವಾದ ರಿಮಾಕ್ ನದಿಯು ಆಂಡೀಸಿನಿಂದ ಇಳಿದುಬರುವ ನೀರು. ಲೀಮಾದಲ್ಲಿ ನಮ್ಮ ಉಷ್ಣಮಾಪಕವು ಬಹುಮಟ್ಟಿಗೆ ೧೦೦ನ್ನು ಮುಟ್ಟಿತು.

ಅಲ್ಲಿಂದ ವಿಮಾನದಲ್ಲಿ ಕುಸ್ಕೋ. ಒಂದೂಕಾಲು ಗಂಟೆಯಲ್ಲಿ ೩,೪೦೦ ಮೀಟರಿಗೆ ಏರಿದುದರ ಪರಿಣಾಮ ಮೆಟ್ಟಲುಗಳನ್ನು ಹತ್ತುವಾಗಲೇ ತಿಳಿಯಿತು. ತಲೆನೋವು, ನಿದ್ರೆಯಿಲ್ಲದ ರಾತ್ರಿ, ಹತ್ತು ಹೆಜ್ಜೆಗೊಮ್ಮೆ ಏದುಸಿರು: ಇದಕ್ಕೆ ಅಲ್ಲಿಯವರು ‘ಸೊರೊಚೆ’ ಎನ್ನುತ್ತಾರೆ. ಅತಿಥಿಗೃಹದ ಯಜಮಾನಿ ಕೊಟ್ಟ ಕೋಕಾ ಎಲೆಯ ಕಷಾಯವನ್ನು ಕುಡಿದು ಒಂದು ದಿನ ಸುಮ್ಮನೆ ಮಲಗಿದೆವು. ಗುಣವಾದುದು ಕಷಾಯದಿಂದಲೋ ವಿಶ್ರಾಂತಿಯಿಂದಲೋ ಹೇಳಲಾರೆವು.

ಕುಸ್ಕೋ ಇಂಕಾ ಚಕ್ರವರ್ತಿಗಳ ರಾಜಧಾನಿ. ಅವರ ಗೋಡೆಗಳಲ್ಲಿ ಗಾರೆಯಿಲ್ಲ. ಒಂದರ ಅಂಚನ್ನು ಇನ್ನೊಂದಕ್ಕೆ ಹೊಂದಿಸಿ ಕೆತ್ತಿದ ಕಲ್ಲುಗಳ ನಡುವೆ ಚಾಕುವಿನ ಅಲಗೂ ತೂರದು. ಗೋಡೆಗಳೆಲ್ಲ ಸ್ವಲ್ಪ ಒಳಕ್ಕೆ ವಾಲಿವೆ. ಬಾಗಿಲುಗಳು ಕೆಳಗೆ ಅಗಲ, ಮೇಲೆ ಕಿರಿದು. ೧೯೫೦ರ ಭೂಕಂಪದಲ್ಲಿ ಸ್ಪೇನಿನವರು ಕಟ್ಟಿದ ಸಂತ ಡೊಮಿಂಗೋ ಮಠದ ಗೋಡೆಗಳು ಕುಸಿದಾಗ, ಅವುಗಳ ಕೆಳಗೆ ಹುದುಗಿದ್ದ ಇಂಕಾ ದೇವಾಲಯದ ಗೋಡೆಗಳು ಅಲುಗದೆ ನಿಂತಿದ್ದುದು ಕಂಡಿತು. ಮಾಚು ಪಿಕ್ಚುವನ್ನು ಕುರಿತು ಎಲ್ಲರೂ ಬರೆದಿದ್ದಾರೆ. ನಾವು ಒಂದೇ ಮಾತನ್ನು ಸೇರಿಸುತ್ತೇವೆ. ಚಿತ್ರಗಳಲ್ಲಿ ಆಕಾಶಕ್ಕೆ ತಾಗಿದಂತೆ ಕಾಣುವ ಆ ಊರು ಕುಸ್ಕೋ ನಗರಕ್ಕಿಂತ ಸುಮಾರು ಒಂದು ಸಾವಿರ ಮೀಟರು ಕೆಳಗಿದೆ. ಅಲ್ಲಿಗೆ ಹೋಗುವುದೆಂದರೆ ಇಳಿಯುವುದು. ಉಸಿರು ಸರಾಗವಾಯಿತು, ಕಾಡು ಹಸುರಾಯಿತು, ಸೊಳ್ಳೆಗಳೂ ಬಂದವು.

ಮತ್ತೆ ಮೇಲಕ್ಕೆ. ರೈತರ ಮನೆಗಳಲ್ಲಿ ಕಪ್ಪು ಬೆಣಚುಕಲ್ಲಿನಂತಹ ಒಣಗಿದ ಆಲೂಗಡ್ಡೆಯನ್ನು ನೋಡಿದೆವು. ಆಲೂಗಡ್ಡೆ ಹುಟ್ಟಿದ ನಾಡೇ ಇದು. ಜೂನ್ ತಿಂಗಳ ರಾತ್ರಿಗಳಲ್ಲಿ ಗಡ್ಡೆಗಳನ್ನು ಬಯಲಿನಲ್ಲಿ ಹರಡಿದರೆ ಹೆಪ್ಪುಗಟ್ಟುತ್ತವೆ. ಹಗಲಿನಲ್ಲಿ ಕರಗಿದಾಗ ಬರಿಗಾಲಿನಲ್ಲಿ ತುಳಿದು ನೀರನ್ನು ಹಿಂಡುತ್ತಾರೆ. ಹಲವು ದಿನ ಹೀಗೆ ಮಾಡಿ ಬಿಸಿಲಿನಲ್ಲಿ ಒಣಗಿಸಿದುದೇ ‘ಚುನ್ಯೊ’. ಒಣಗಿದ ತೆಳು ಗಾಳಿಯಲ್ಲಿ ನೀರು ಬೇಗನೆ ಆವಿಯಾಗುತ್ತದೆ. ವರ್ಷಗಟ್ಟಲೆ ಕೆಡದ ಈ ಆಹಾರವು ಇಂಕಾ ಸೈನ್ಯವನ್ನು ಸಾಕಿತು. ಇಂದಿನ ಕಾರ್ಖಾನೆಗಳು ಯಂತ್ರದಿಂದ ಮಾಡುವ ಶೀತಶುಷ್ಕೀಕರಣವನ್ನು ಅವರು ಬರಿಯ ಚಳಿ, ಬಿಸಿಲು ಮತ್ತು ಕಾಲುಗಳಿಂದ ಸಾಧಿಸಿದ್ದರು.

೩,೮೧೨ ಮೀಟರು ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ತೀರದಲ್ಲಿಯೂ ಇಂತಹುದೇ ಜಾಣತನವನ್ನು ಕಂಡೆವು. ನೀರಿಗೆ ಶಾಖವನ್ನು ಹಿಡಿದಿಡುವ ಶಕ್ತಿ ಹೆಚ್ಚು. ೮,೦೦೦ ಚದರ ಕಿಲೋಮೀಟರಿಗೂ ಮಿಗಿಲಾದ ಆ ಜಲರಾಶಿಯ ದಡದಲ್ಲಿ ರಾತ್ರಿಯ ಚಳಿ ಸ್ವಲ್ಪ ಸೌಮ್ಯ. ಪ್ರಾಚೀನರು ಇದೇ ತತ್ತ್ವವನ್ನು ಹೊಲಗಳಿಗೂ ತಂದರು. ಎತ್ತರಿಸಿದ ಪಾತಿ, ಅದರ ಪಕ್ಕದಲ್ಲಿ ನೀರಿನ ಕಾಲುವೆ, ಮತ್ತೆ ಪಾತಿ. ಹಗಲೆಲ್ಲ ಬಿಸಿಲುಂಡ ಕಾಲುವೆ ರಾತ್ರಿ ತನ್ನ ಶಾಖವನ್ನು ಬಿಟ್ಟು ಪೈರನ್ನು ಮಂಜಿನ ಹೊಡೆತದಿಂದ ಕಾಪಾಡುತ್ತದೆ. ನೂರಾರು ವರ್ಷ ಮರೆತುಹೋಗಿದ್ದ ಈ ಬೇಸಾಯವನ್ನು ೧೯೮೦ರ ದಶಕದಲ್ಲಿ ಪುರಾತತ್ತ್ವಜ್ಞರೂ ರೈತರೂ ಸೇರಿ ಕೆಲವು ಕಡೆ ಮತ್ತೆ ನಡೆಸಿ ನೋಡಿದರು. ಸರೋವರದ ನೀರಿನ ಮಟ್ಟವು ೨೦೨೩ರಲ್ಲಿ ಬಹಳ ಇಳಿಯಿತೆಂಬುದನ್ನೂ ಇಲ್ಲಿ ಹೇಳಬೇಕು.

ಬೊಲಿವಿಯದ ಲಾ ಪಾಜ್ ನಗರವು ಒಂದು ಬೋಗುಣಿಯೊಳಗೆ ಸುರಿದಂತಿದೆ. ಬೋಗುಣಿಯ ತಳದಲ್ಲಿ ಹಳೆಯ ನಗರ, ಸುಮಾರು ೩,೬೪೦ ಮೀಟರು. ಅಂಚಿನ ಮೇಲೆ ೪,೧೦೦ ಮೀಟರಿನಲ್ಲಿ ಎಲ್ ಆಲ್ಟೊ ಎಂಬ ಇನ್ನೊಂದು ದೊಡ್ಡ ನಗರ. ಎರಡನ್ನೂ ತಂತಿಯ ಮೇಲೆ ಓಡುವ ತೊಟ್ಟಿಲುಗಾಡಿಗಳು ೨೦೧೪ರಿಂದ ಕೂಡಿಸುತ್ತಿವೆ. ಬಸ್ಸಿನಂತೆ ದಿನವೂ ಜನ ಅದರಲ್ಲಿ ಕೆಲಸಕ್ಕೆ ಹೋಗುತ್ತಾರೆ. ಶ್ರೀಮಂತರು ತಗ್ಗಿನಲ್ಲಿ, ಬಡವರು ಎತ್ತರದಲ್ಲಿ ವಾಸಿಸುವ ಊರಿದು; ಇಲ್ಲಿ ಉಸಿರಿಗೂ ಬೆಲೆಯುಂಟು. ಕೆಟಲಿನ ನೀರು ತಗ್ಗಿನಲ್ಲಿ ೮೮, ಅಂಚಿನಲ್ಲಿ ೮೬½ ಡಿಗ್ರಿಗೆ ಕುದಿಯಿತು. ಅಷ್ಟರಲ್ಲಿ ಬೇಳೆ ಬೇಯುವುದು ಕಷ್ಟ. ಪ್ರೆಷರ್ ಕುಕ್ಕರಿಲ್ಲದ ಅಡಿಗೆಮನೆ ಅಲ್ಲಿ ಅಪರೂಪವೆಂದು ಕೇಳಿ ನಮಗೆ ಆಶ್ಚರ್ಯವಾಗಲಿಲ್ಲ.

ಎಲ್ ಆಲ್ಟೊ ವಿಮಾನನಿಲ್ದಾಣದ ಓಡುದಾರಿ ೪ ಕಿಲೋಮೀಟರು ಉದ್ದ. ರೆಕ್ಕೆಯ ಮೇಲೆತ್ತುವ ಬಲವು ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿದೆ. ಸಾಂದ್ರತೆಯು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಾದರೆ, ವೇಗವು ಎಷ್ಟು ಹೆಚ್ಚಬೇಕು? ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಬಹುದು. ಉತ್ತರವು ನೂರಕ್ಕೆ ಇಪ್ಪತ್ತೆರಡರ ಸುಮಾರು. ಕಾಲ್ಚೆಂಡಿಗೂ ಇದೇ ಗತಿ. ತೆಳು ಗಾಳಿಯಲ್ಲಿ ಚೆಂಡು ಹೆಚ್ಚು ವೇಗದಲ್ಲಿ ಹೋಗುತ್ತದೆ, ಕಡಮೆ ಬಾಗುತ್ತದೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯು ೨೦೦೭ರಲ್ಲಿ ಎತ್ತರದ ಊರುಗಳಲ್ಲಿ ಪಂದ್ಯಗಳನ್ನು ನಿಷೇಧಿಸಿ, ಬೊಲಿವಿಯದವರ ಕೋಪವನ್ನು ಕಂಡು ಮರುವರ್ಷ ಹಿಂದೆಗೆಯಿತು. ೨೦೦೯ರಲ್ಲಿ ಮರಡೋನನ ಶಿಕ್ಷಣದಲ್ಲಿದ್ದ ಆರ್ಜೆಂಟೀನ ತಂಡವನ್ನು ಬೊಲಿವಿಯವು ಲಾ ಪಾಜ್ ನಗರದಲ್ಲಿ ೬–೧ರಿಂದ ಸೋಲಿಸಿತು.

ಹಾಗಾದರೆ ಅಲ್ಲಿಯವರು ಬದುಕುವುದು ಹೇಗೆ? ಅವರ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪುಕಣಗಳು ನಮ್ಮಲ್ಲಿರುವುದಕ್ಕಿಂತ ಹೆಚ್ಚು. ಆದರೆ ಈ ಉಪಾಯಕ್ಕೂ ಮಿತಿಯುಂಟು. ಕೆಲವರಲ್ಲಿ ಕಣಗಳು ಮಿತಿಮೀರಿ ಬೆಳೆದು ರಕ್ತವೇ ಮಂದವಾಗುತ್ತದೆ, ತುಟಿಗಳು ನೀಲಿಗಟ್ಟುತ್ತವೆ. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ೧೯೨೫ರಲ್ಲಿ ಇದನ್ನು ಮೊದಲು ವರ್ಣಿಸಿದನು. ಇಂದಿಗೂ ಅದು ಅವನ ಹೆಸರಿನ ರೋಗ. ಟಿಬೆಟ್ಟಿನ ಜನರ ದೇಹವು ಅಷ್ಟೇ ಎತ್ತರಕ್ಕೆ ಬೇರೆಯೇ ರೀತಿಯಲ್ಲಿ ಹೊಂದಿಕೊಂಡಿದೆ. ಅವರಲ್ಲಿ ಕೆಂಪುಕಣಗಳು ಅಷ್ಟಾಗಿ ಹೆಚ್ಚುವುದಿಲ್ಲ.

ನಮ್ಮ ಪ್ರವಾಸದ ಮುಖ್ಯ ಗುರಿ ಲಾ ಪಾಜ್ ನಗರದ ಸಮೀಪದ ಚಕಲ್ತಾಯ ಪರ್ವತ. ಜೀಪು ಕಲ್ಲುದಾರಿಯಲ್ಲಿ ಏದುತ್ತ ಸುಮಾರು ೫,೨೦೦ ಮೀಟರಿಗೆ ಏರಿ ನಿಂತಿತು. ಗಾಳಿಯ ಒತ್ತಡ ಇಲ್ಲಿ ಸಮುದ್ರಮಟ್ಟದ ಅರ್ಧಕ್ಕಿಂತ ಕೊಂಚ ಹೆಚ್ಚು. ಎದುರಿಗೆ ತಗಡಿನ ಛಾವಣಿಯ ಕೆಲವು ಕಟ್ಟಡಗಳು. ನೋಡುವುದಕ್ಕೆ ಏನೇನೂ ಇಲ್ಲ. ಆದರೂ ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಯಾತ್ರಾಸ್ಥಳ.

ಅಂತರಿಕ್ಷದಿಂದ ಭೂಮಿಯ ಮೇಲೆ ಸದಾ ಸುರಿಯುತ್ತಿರುವ ವಿಶ್ವಕಿರಣಗಳು ವಾಯುಮಂಡಲದ ಪರಮಾಣುಗಳಿಗೆ ಬಡಿದು ಹೊಸ ಕಣಗಳನ್ನು ಹುಟ್ಟಿಸುತ್ತವೆ. ಕೆಳಕ್ಕೆ ಬರುವಷ್ಟರಲ್ಲಿ ಗಾಳಿಯು ಅವುಗಳಲ್ಲಿ ಬಹುಪಾಲನ್ನು ನುಂಗಿಬಿಡುತ್ತದೆ. ಆದುದರಿಂದ ಅವನ್ನು ಹಿಡಿಯಬೇಕಾದವರು ಬೆಟ್ಟವನ್ನು ಹತ್ತಬೇಕು. ಪರಮಾಣುವಿನ ನ್ಯೂಕ್ಲಿಯಸ್ಸನ್ನು ಬಿಗಿದಿಟ್ಟಿರುವ ಬಲಕ್ಕೆ ಕಾರಣವಾದ ಒಂದು ಕಣವಿರಬೇಕೆಂದು ಜಪಾನಿನ ಯುಕಾವ ೧೯೩೫ರಲ್ಲಿಯೇ ಊಹಿಸಿದ್ದನು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ ಪವೆಲ್ ಮತ್ತು ಒಕ್ಕಿಯಲಿನಿ ಇವರೊಡನೆ ಕೆಲಸ ಮಾಡುತ್ತಿದ್ದ ಬ್ರೆಜಿಲಿನ ತರುಣ ಸೆಜಾರ್ ಲಾಟೆಸ್ ೧೯೪೭ರಲ್ಲಿ ವಿಶೇಷ ಛಾಯಾಗ್ರಹಣ ಫಲಕಗಳನ್ನು ಹೊತ್ತುಕೊಂಡು ಚಕಲ್ತಾಯಕ್ಕೆ ಬಂದನು. ಆಗ ಅವನಿಗೆ ೨೨ ವರ್ಷ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ವಯಸ್ಸು! ಫ್ರಾನ್ಸಿನ ಬೆಟ್ಟವೊಂದರ ಮೇಲೆ ಇಟ್ಟಿದ್ದ ಫಲಕಗಳಲ್ಲಿ ಅವರಿಗೆ ಆ ಕಣದ ಗುರುತುಗಳು ಒಂದೆರಡು ಮಾತ್ರ ಸಿಕ್ಕಿದ್ದವು. ಚಕಲ್ತಾಯದಲ್ಲಿ ಒಂದು ತಿಂಗಳಿಟ್ಟ ಫಲಕಗಳಲ್ಲಿ ಹತ್ತಾರು ದೊರಕಿದವು. ಒಂದು ಕಣ ಬಂದು ನಿಲ್ಲುತ್ತದೆ. ನಿಂತ ಕಡೆಯಿಂದ ಇನ್ನೊಂದು ಹೊರಡುತ್ತದೆ. ಮೊದಲನೆಯದು ಪೈ-ಮೆಸಾನ್, ಎರಡನೆಯದು ಮ್ಯೂಆನ್. ಸಂಶಯ ತೀರಿತು. ೧೯೫೦ರ ನೊಬೆಲ್ ಬಹುಮಾನ ಪವೆಲನಿಗೆ ಮಾತ್ರ ಸಂದಿತು. ಲಾಟೆಸನ ಹೆಸರು ಅದರಲ್ಲಿಲ್ಲ. ನಮ್ಮವರೇ ಆದ ಬಿಭಾ ಚೌಧುರಿ ಮತ್ತು ದೇವೇಂದ್ರ ಮೋಹನ ಬೋಸ್ ಇವರು ಅದಕ್ಕೂ ಮೊದಲೇ ಡಾರ್ಜಿಲಿಂಗಿನ ಎತ್ತರಗಳಲ್ಲಿ ಇದೇ ವಿಧಾನದಿಂದ ಮೆಸಾನುಗಳನ್ನು ಹುಡುಕುತ್ತಿದ್ದರು. ಯುದ್ಧಕಾಲದಲ್ಲಿ ಅವರಿಗೆ ಉತ್ತಮವಾದ ಫಲಕಗಳೇ ಸಿಗಲಿಲ್ಲ.

ಪೈ-ಮೆಸಾನಿನ ಆಯಸ್ಸು ಒಂದು ಸೆಕೆಂಡಿನ ಸುಮಾರು ನಾಲ್ಕು ಕೋಟಿಯಲ್ಲೊಂದು ಪಾಲು. ಅದು ಅಳಿದಾಗ ಮ್ಯೂಆನಿನೊಡನೆ ನ್ಯೂಟ್ರಿನೋ ಎಂಬ ಮತ್ತೊಂದು ಕಣವೂ ಹೊರಡುತ್ತದೆ. ಇದನ್ನು ಗಾಳಿಯಾಗಲಿ ಕಲ್ಲಾಗಲಿ ತಡೆಯಲಾರದು. ಇತರ ಕಣಗಳ ಕಾಟವಿಲ್ಲದ ಕಡೆ ಇದನ್ನು ಹಿಡಿಯಬೇಕಾದರೆ ಬೆಟ್ಟ ಹತ್ತಿ ಪ್ರಯೋಜನವಿಲ್ಲ, ಭೂಮಿಯೊಳಕ್ಕೆ ಇಳಿಯಬೇಕು. ೧೯೬೫ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ೨.೩ ಕಿಲೋಮೀಟರು ಆಳದಲ್ಲಿ, ಭಾರತ, ಜಪಾನ್ ಮತ್ತು ಇಂಗ್ಲೆಂಡುಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ಕಂಡವು. ಚಕಲ್ತಾಯದ ಎತ್ತರದಲ್ಲಿ ತಾಯಿಯನ್ನು ಹಿಡಿದರೆ, ಕೋಲಾರದ ಆಳದಲ್ಲಿ ಮಗುವನ್ನು ಹಿಡಿದರು ಎನ್ನಬಹುದು. ಕೋಲಾರದ ಗಣಿ ೨೦೦೧ರಲ್ಲಿ ಮುಚ್ಚಿತು. ಚಕಲ್ತಾಯದ ಪ್ರಯೋಗಾಲಯ ಈಗಲೂ ನಡೆಯುತ್ತಿದೆ, ಗಾಳಿಯ ಧೂಳು ಅನಿಲಗಳನ್ನೂ ಅಳೆಯುತ್ತದೆ.

ಪ್ರಯೋಗಾಲಯದಿಂದ ಇನ್ನೂ ಮೇಲಕ್ಕೆ ಒಂದು ಪಾಳು ಮನೆಯುಂಟು. ಅದು ಹಿಮದ ಮೇಲೆ ಜಾರುವ ಆಟದವರ ಸಂಘದ ಕಟ್ಟಡ. ಜಗತ್ತಿನ ಅತ್ಯಂತ ಎತ್ತರದ ಹಿಮಜಾರುಬಂಡಿಯೆಂದು ಅದು ಒಮ್ಮೆ ಹೆಸರಾಗಿತ್ತು. ಕಿಟಕಿಯ ಕೆಳಗೆ ಈಗ ಕಾಣುವುದು ಕೆಂಪು ಕಂದು ಬಣ್ಣದ ಬರಿಯ ಕಲ್ಲು. ಸಹಸ್ರಾರು ವರ್ಷಗಳಿಂದ ಅಲ್ಲಿದ್ದ ಹಿಮನದಿಯು ೨೦೦೯ರಲ್ಲಿ ಸಂಪೂರ್ಣವಾಗಿ ಮಾಯವಾಯಿತು. ೨೦೧೫ರವರೆಗಾದರೂ ಉಳಿದೀತೆಂದು ಬೊಲಿವಿಯದ ವಿಜ್ಞಾನಿಗಳು ಎಣಿಸಿದ್ದರು. ಹಿಮ ಬಿಳಿದು, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅಂಚಿನಲ್ಲಿ ಕಲ್ಲು ಬಯಲಾದರೆ ಅದು ಬಿಸಿಲನ್ನು ಕುಡಿದು ಪಕ್ಕದ ಹಿಮವನ್ನೂ ಕರಗಿಸುತ್ತದೆ. ಚಿಕ್ಕ ಹಿಮನದಿಯ ಕೊನೆಗಾಲವು ಲೆಕ್ಕಕ್ಕಿಂತ ಬೇಗ ಬರುವುದಕ್ಕೆ ಇದೊಂದು ಕಾರಣ.

ಆಟದ ಸಂಘ ಮುಚ್ಚಿದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಇದೇ ಶ್ರೇಣಿಯ ಇತರ ಹಿಮನದಿಗಳು ಲಾ ಪಾಜ್ ಮತ್ತು ಎಲ್ ಆಲ್ಟೊ ನಗರಗಳ ಜಲಾಶಯಗಳಿಗೆ ನೀರನ್ನು ಕೊಡುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿ ನಗರದ ನೀರಿನ ಕಾಲುಭಾಗದಷ್ಟು ಅವುಗಳಿಂದ ಬರುತ್ತದೆಂದು ಲೆಕ್ಕ ಹಾಕಿದ್ದಾರೆ. ಮಳೆಗಾಲದಲ್ಲಿ ಸಂಗ್ರಹಿಸಿ ಒಣಗಾಲದಲ್ಲಿ ಬಿಡುವ, ಯಾರೂ ಕಟ್ಟದ ಕೆರೆಗಳು ಅವು. ೨೦೧೬ರ ನವೆಂಬರಿನಲ್ಲಿ ಮಳೆ ತಡವಾಗಿ ಜಲಾಶಯಗಳು ಬತ್ತಿದಾಗ, ಲಾ ಪಾಜ್ ನಗರದ ಅನೇಕ ಬಡಾವಣೆಗಳಲ್ಲಿ ನಲ್ಲಿಗಳು ನಿಂತವು; ಸರಕಾರವು ತುರ್ತುಪರಿಸ್ಥಿತಿಯನ್ನು ಸಾರಿ ಟ್ಯಾಂಕರುಗಳಲ್ಲಿ ನೀರನ್ನು ಹಂಚಬೇಕಾಯಿತು.

ಉಯುನಿಯ ಉಪ್ಪಿನ ಬಯಲಿನ ಚಿತ್ರಗಳನ್ನು ವಾಚಕರು ನೋಡಿಯೇ ಇರುವರು. ಪ್ರಾಚೀನ ಸರೋವರಗಳು ಒಣಗಿ ಉಳಿದ ಈ ಬಯಲು ೧೦,೦೦೦ ಚದರ ಕಿಲೋಮೀಟರಿಗೂ ಮಿಗಿಲು. ೨೦೦೨ರಲ್ಲಿ ಅಳೆದ ಭಾಗದಲ್ಲಿ ಏರುತಗ್ಗು ಒಂದು ಮೀಟರೂ ಇರಲಿಲ್ಲ. ಉಪಗ್ರಹಗಳ ಎತ್ತರಮಾಪಕಗಳನ್ನು ಸರಿನೋಡಲು ಇದನ್ನೇ ಅಳತೆಗೋಲಾಗಿ ಬಳಸುತ್ತಾರೆ. ಇದರ ಕೆಳಗಿನ ಉಪ್ಪುನೀರಿನಲ್ಲಿ ವಿದ್ಯುತ್ಕೋಶಗಳಿಗೆ ಬೇಕಾದ ಲಿಥಿಯಂ ಹೇರಳವಾಗಿದೆ. ನಿಂತು ನೋಡಿದರೆ ದಿಗಂತವು ಕೇವಲ ನಾಲ್ಕೂವರೆ ಕಿಲೋಮೀಟರು ದೂರ. ಭೂಮಿ ದುಂಡಗಿದೆ ಎಂಬುದನ್ನು ಹಡಗನ್ನು ಹತ್ತದೆ, ಕಾಲಮೇಲೆ ನಿಂತೇ ಕಾಣಬೇಕಾದವರು ಇಲ್ಲಿಗೆ ಬರಬಹುದು: ದೂರದ ಜೀಪಿನ ಚಕ್ರಗಳು ಮೊದಲು ಮುಳುಗುತ್ತವೆ, ಆಮೇಲೆ ಛಾವಣಿ.

ಗಡಿಯನ್ನು ದಾಟಿದರೆ ಚಿಲಿಯ ಅಟಕಾಮ ಮರುಭೂಮಿ. ಲೀಮಾದಲ್ಲಿ ಕಂಡ ಎರಡು ಕಾರಣಗಳೇ ಇಲ್ಲಿ ಇನ್ನೂ ತೀವ್ರವಾಗಿವೆ. ಇಲ್ಲಿನ ಚಾಹ್ನಂಟೋರ್ ಪ್ರಸ್ಥಭೂಮಿಯಲ್ಲಿ, ೫,೦೦೦ ಮೀಟರು ಎತ್ತರದಲ್ಲಿ, ಆಲ್ಮಾ ಎಂಬ ಹೆಸರಿನ ೬೬ ತಟ್ಟೆಗಳ ರೇಡಿಯೋ ದೂರದರ್ಶಕವಿದೆ; ಅದರ ಉದ್ಘಾಟನೆ ೨೦೧೩ರಲ್ಲಿ. ಮಿಲಿಮೀಟರು ಉದ್ದದ ಅಲೆಗಳನ್ನು ನೀರಿನ ಆವಿಯು ಹೀರಿಬಿಡುವುದರಿಂದ, ಅದಕ್ಕೆ ಎತ್ತರವೂ ಬೇಕು, ಒಣಗಾಳಿಯೂ ಬೇಕು. ೨೦೧೯ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರಕ್ಕೆ ಬಳಸಿದ ದೂರದರ್ಶಕಗಳಲ್ಲಿ ಇದೂ ಒಂದು. ಸಂದರ್ಶಕರನ್ನು ೨,೯೦೦ ಮೀಟರಿನ ಕೆಳಗಿನ ಕೇಂದ್ರಕ್ಕೆ ಮಾತ್ರ ಬಿಡುತ್ತಾರೆ. ನಾವೂ ಅಷ್ಟಕ್ಕೇ ತೃಪ್ತರಾದೆವು. ಅಂದಿನ ರಾತ್ರಿ ಆಕಾಶಗಂಗೆಯ ನಡುಭಾಗ ನೆತ್ತಿಯ ಮೇಲಿತ್ತು. ನಮ್ಮೂರುಗಳಲ್ಲಿ ದಿಗಂತದ ಧೂಳಿನಲ್ಲಿ ಮರೆಯಾಗುವ ಮೆಜಲ್ಲನನ ಮೋಡಗಳು ಮೂಡಿ ಬರುವವರೆಗೆ ನಾವು ಚಳಿಯನ್ನು ಮರೆತು ಕುಳಿತಿದ್ದೆವು.

ಕೊನೆಗೆ ಆಂಟೊಫಗಾಸ್ಟ ಬಂದರು. ಬೆಟ್ಟದ ಮೇಲೆ ಬಿರಟೆ ಬಿಗಿದಿದ್ದ ಖಾಲಿ ಪ್ಲಾಸ್ಟಿಕ್ ಸೀಸೆಯು ಕಡಲಿಗೆ ಇಳಿಯುವಷ್ಟರಲ್ಲಿ ಹಿಂಡಿದಂತೆ ಮುದುರಿಹೋಗಿತ್ತು. ಈ ನಗರವು ಕುಡಿಯುವುದು ಬಹುಪಾಲು ಸಮುದ್ರದ ನೀರನ್ನೇ, ಉಪ್ಪನ್ನು ತೆಗೆದು. ಊರಿನ ಹಿಂದಿನ ಮರುಭೂಮಿಯಲ್ಲಿ, ೩,೦೦೦ ಮೀಟರಿಗೂ ಮೇಲೆ, ಎಸ್ಕೊಂಡಿಡ ಎಂಬ ಮಹತ್ತಾದ ತಾಮ್ರದ ಗಣಿಯುಂಟು. ಬೆಟ್ಟದ ಅಂತರ್ಜಲವನ್ನು ಬಿಟ್ಟು ಅದೂ ಈಗ ಸಮುದ್ರದ ನೀರನ್ನೇ ಶುದ್ಧಮಾಡಿ, ೧೮೦ ಕಿಲೋಮೀಟರು ಕೊಳವೆಗಳಲ್ಲಿ ಮೇಲಕ್ಕೆ ಒತ್ತುತ್ತದೆ. ಒಂದು ಘನಮೀಟರು ನೀರೆಂದರೆ ೧,೦೦೦ ಕಿಲೋಗ್ರಾಂ. ಅದನ್ನು ೩,೨೦೦ ಮೀಟರು ಎತ್ತಲು ಬೇಕಾದ ಶಕ್ತಿ ಮೂರು ಕೋಟಿ ಜೂಲಿಗೂ ಮೇಲೆ. ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಸುಮಾರು ೮.೭ ಯೂನಿಟ್. ಉಪ್ಪು ತೆಗೆಯುವುದಕ್ಕೆ ಮೂರು ನಾಲ್ಕು ಯೂನಿಟ್ ಸಾಕು. ಎತ್ತುವುದೇ ಹೆಚ್ಚಿನ ಖರ್ಚು. ಸೂರ್ಯನು ಕಡಲಿನಿಂದ ನೀರನ್ನೆತ್ತಿ ಚಕಲ್ತಾಯದಂತಹ ಬೆಟ್ಟಗಳ ಮೇಲೆ ಹಿಮವಾಗಿ ಇಡುವಾಗ ಈ ಖರ್ಚನ್ನು ಯಾರೂ ಕೊಡಬೇಕಾಗಿರಲಿಲ್ಲ.

ಲಾ ಪಾಜ್ ನಗರದ ಒಬ್ಬ ನಿವಾಸಿಗೆ ದಿನಕ್ಕೆ ನೂರು ಲೀಟರಿನಂತೆ ಕಡಲಿನ ನೀರನ್ನು ೩,೬೪೦ ಮೀಟರು ಎತ್ತಬೇಕಾದರೆ, ಪಂಪಿನ ನಷ್ಟಗಳನ್ನು ಬಿಟ್ಟು, ತಲೆಗೊಂದು ಯೂನಿಟ್ ಬೇಕು. ಎರಡು ನಗರಗಳಲ್ಲಿರುವವರು ಹದಿನಾರು ಲಕ್ಷದ ಸುಮಾರು. ಈ ಲೆಕ್ಕವನ್ನು ನಾವು ಬರೆದುಕೊಂಡುದು ಆಂಟೊಫಗಾಸ್ಟದ ಹಡಗುಕಟ್ಟೆಯ ಮೇಲೆ ಕುಳಿತು. ಆ ಬಂದರು ೧೮೭೯ರ ಯುದ್ಧದವರೆಗೆ ಬೊಲಿವಿಯಕ್ಕೆ ಸೇರಿತ್ತು. ಇಂದು ಬೊಲಿವಿಯಕ್ಕೆ ಸಮುದ್ರತೀರವೇ ಇಲ್ಲ.